ನಾಳಿನ ಮೈಸೂರಿನಲ್ಲಿ ಮರೆ ಎಲ್ಲಿದೆ?

ಈ ಅಂಕಣಕ್ಕೆ ವಿಜ್ಞಾನ ಕಥೆ ಬರೆಯುವವರಿಂದ ಬರುವ ಪತ್ರಗಳು ಇತ್ತೀಚೆಗೆ ಹೆಚ್ಚಾಗಿವೆ. ಅವರಲ್ಲಿ ಅನೇಕರು ಕೇಳುತ್ತಿರುವುದು ಗಗನನೌಕೆಯ ವೇಗದ ಬಗ್ಗೆ ಅಲ್ಲ, ಬೇರೆ ಗ್ರಹದ ಜೀವಿಗಳ ಬಗ್ಗೆಯೂ ಅಲ್ಲ. ಎಲ್ಲವನ್ನೂ ನೋಡುವ, ನೋಡಿದ್ದನ್ನು ಎಂದೂ ಮರೆಯದ ಊರಿನಲ್ಲಿ ಮನುಷ್ಯ ತನ್ನ ಪಾಡಿಗೆ ತಾನು ಬದುಕುವುದು ಹೇಗೆ ಎಂಬ ಬಗ್ಗೆ. ಈ ಸಂಚಿಕೆಯನ್ನು ಅಂಥ ನಾಲ್ಕು ಪತ್ರಗಳಿಗೆ ಮೀಸಲಿಟ್ಟಿದ್ದೇನೆ. ವಿಷಯ ಖಾಸಗಿತನದ್ದಾದ್ದರಿಂದ ಪತ್ರ ಬರೆದವರ ಹೆಸರುಗಳನ್ನು ಇಲ್ಲಿ ಅಚ್ಚು ಮಾಡಿಲ್ಲ.

ಪ್ರಶ್ನೆ: ನನ್ನ ಕಥೆ 2081ರ ಮೈಸೂರಿನಲ್ಲಿ ನಡೆಯುತ್ತದೆ. ಬೀದಿದೀಪದ ಪ್ರತಿಯೊಂದು ಕಂಬದಲ್ಲೂ ಕ್ಯಾಮೆರಾ ಇದೆ. ನಾಯಕಿ ಒಬ್ಬ ನರ್ಸ್. ಆಡಳಿತದ ಕಣ್ಣಿಗೆ ಬೇಡವಾದ ರೋಗಿಯೊಬ್ಬನಿಗೆ ಔಷಧಿ ತಲುಪಿಸಲು ಅವಳು ಜಂಬೂಸವಾರಿಯ ದಿನ, ಯಂತ್ರಗಳಿಗೆ ಮುಖದ ಗುರುತು ಸಿಗದಂತೆ ಮಾಡುವ ವಿಶೇಷ ನೇಯ್ಗೆಯ ರೇಷ್ಮೆ ಸೆರಗನ್ನು ತಲೆಯ ಮೇಲೆ ಹೊದ್ದು, ಸಯ್ಯಾಜಿರಾವ್ ರಸ್ತೆಯ ಜನಸಂದಣಿಯಲ್ಲಿ ಮರೆಯಾಗುತ್ತಾಳೆ. ಇದನ್ನು ಓದುಗರು ನಂಬಬಹುದೇ?
— ಸ್ನಾತಕೋತ್ತರ ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಸೆರಗನ್ನು ನಂಬಬಹುದು; ಅದೊಂದರಿಂದಲೇ ಅವಳು ಪಾರಾದಳು ಎಂಬುದನ್ನು ನಂಬುವುದು ಕಷ್ಟ.

ಮುಖ ಗುರುತಿಸುವ ಯಂತ್ರವು ನಾವು ನೋಡುವ ರೀತಿಯಲ್ಲಿ ಮುಖವನ್ನು ನೋಡುವುದಿಲ್ಲ. ಚಿತ್ರದಲ್ಲಿ ಮುಖವಿರುವ ಭಾಗ ಯಾವುದೆಂದು ಅದು ಮೊದಲು ಹುಡುಕುತ್ತದೆ, ಆ ಭಾಗವನ್ನು ಕೆಲವು ನೂರು ಅಂಕಿಗಳ ಒಂದು ಸಾಲಾಗಿ ಮಾರ್ಪಡಿಸುತ್ತದೆ, ಆಮೇಲೆ ತನ್ನ ಸಂಗ್ರಹದಲ್ಲಿರುವ ಸಾಲುಗಳಲ್ಲಿ ಯಾವುದು ಇದಕ್ಕೆ ಹತ್ತಿರವಿದೆ ಎಂದು ಅಳೆಯುತ್ತದೆ. ಈ ಮೂರು ಹಂತಗಳಲ್ಲಿ ಯಾವುದನ್ನು ಕೆಡಿಸಿದರೂ ಗುರುತು ತಪ್ಪುತ್ತದೆ. 2016ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಕನ್ನಡಕದ ಚೌಕಟ್ಟಿನ ಮೇಲೆ ಬಣ್ಣಬಣ್ಣದ ವಿನ್ಯಾಸವನ್ನು ಮುದ್ರಿಸಿ, ಅದನ್ನು ಧರಿಸಿದವರನ್ನು ಯಂತ್ರವು ಬೇರೆಯವರೆಂದು ತಿಳಿಯುವಂತೆ ಮಾಡಿ ತೋರಿಸಿದ್ದರು. ಕನ್ನಡಕದಲ್ಲಿ ಆದದ್ದು ಮೈಸೂರು ರೇಷ್ಮೆಯ ಅಂಚಿನಲ್ಲಿ ಆಗಬಾರದೆಂದೇನಿಲ್ಲ. ಆದರೆ ಅಂಥ ವಿನ್ಯಾಸ ಒಂದು ನಿರ್ದಿಷ್ಟ ಯಂತ್ರಕ್ಕಾಗಿ ಲೆಕ್ಕ ಹಾಕಿ ಮಾಡಿದ್ದಾಗಿರುತ್ತದೆ. ಯಂತ್ರಕ್ಕೆ ಹೊಸ ಪಾಠವಾದರೆ ಅದು ಬರಿಯ ಚಿತ್ತಾರವಾಗಿ ಉಳಿಯುತ್ತದೆ. 2020ರ ಸಾಂಕ್ರಾಮಿಕದ ವೇಳೆ ಎಲ್ಲರೂ ಮಾಸ್ಕ್ ತೊಟ್ಟಾಗ ಈ ಯಂತ್ರಗಳು ಮೊದಲಿಗೆ ಬಹಳ ಎಡವಿದವು, ಸ್ವಲ್ಪ ಕಾಲದಲ್ಲೇ ಕಣ್ಣು ಮತ್ತು ಹುಬ್ಬಿನ ಭಾಗವನ್ನಷ್ಟೇ ನೋಡಿ ಗುರುತಿಸಲು ಕಲಿತವು. ನಿಮ್ಮ ನಾಯಕಿಯ ಸೆರಗನ್ನು ನೇಯ್ದವರು ಹಿಂದಿನ ವರ್ಷದ ಯಂತ್ರವನ್ನು ಎದುರಿಗಿಟ್ಟುಕೊಂಡು ನೇಯ್ದಿದ್ದರೆ, ಈ ವರ್ಷದ ದಸರಾದಲ್ಲಿ ಅವಳು ಕೆ.ಆರ್. ವೃತ್ತವನ್ನು ದಾಟುವುದರೊಳಗೇ ಸಿಕ್ಕಿಬೀಳುತ್ತಾಳೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮುಖವನ್ನು ಮುಚ್ಚಿದರೂ ಅವಳು ನಡೆಯುವ ರೀತಿ ಮುಚ್ಚುವುದಿಲ್ಲ. ಹೆಜ್ಜೆಯ ಅಂತರ, ತೋಳು ಬೀಸುವ ಬಗೆ, ಸೊಂಟದ ಚಲನೆ ಇವುಗಳಿಂದಲೇ ವ್ಯಕ್ತಿಯನ್ನು ಗುರುತಿಸುವ ವಿಧಾನಗಳು ಈಗಾಗಲೇ ಇವೆ. ಅವಳ ಜೇಬಿನ ಸಾಧನವೋ, ಬಸ್ಸಿನ ಕಾರ್ಡೋ ಅವಳ ದಾರಿಯನ್ನು ತನ್ನಷ್ಟಕ್ಕೆ ಬರೆದುಕೊಳ್ಳುತ್ತಿರುತ್ತದೆ. ಯೂರೋಪಿನ ಒಂದು ದೇಶದ 15 ಲಕ್ಷ ಜನರ ಮೊಬೈಲ್ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೆಸರನ್ನೂ ಸಂಖ್ಯೆಯನ್ನೂ ತೆಗೆದುಹಾಕಿದ ಮೇಲೆಯೂ, ಒಬ್ಬ ವ್ಯಕ್ತಿ ಯಾವ ಗಂಟೆಯಲ್ಲಿ ಯಾವ ಮೊಬೈಲ್ ಗೋಪುರದ ಬಳಿ ಇದ್ದನೆಂಬ ನಾಲ್ಕೇ ನಾಲ್ಕು ಸಂಗತಿಗಳು ಗೊತ್ತಿದ್ದರೆ ನೂರಕ್ಕೆ 95 ಮಂದಿಯನ್ನು ಉಳಿದವರಿಂದ ಬೇರ್ಪಡಿಸಬಹುದೆಂದು ತೋರಿಸಿತು. ನರ್ಸ್ ಎಂದಮೇಲೆ ಪಾಳಿಯ ಹೊತ್ತು ನಿಗದಿಯಾಗಿರುತ್ತದೆ, ಮನೆ ನಿಗದಿಯಾಗಿರುತ್ತದೆ, ಬಸ್ಸು ಹತ್ತುವ ನಿಲ್ದಾಣವೂ ನಿಗದಿಯಾಗಿರುತ್ತದೆ. ಕ್ಯಾಮೆರಾ ಅವಳನ್ನು ಹಿಡಿಯುವುದಕ್ಕಿಂತ ಮೊದಲು ಅವಳ ದಿನಚರಿಯೇ ಅವಳನ್ನು ಹಿಡಿದುಕೊಡುತ್ತದೆ. ಕಣ್ಗಾವಲಿನ ಶಕ್ತಿ ಇರುವುದು ನೋಡುವುದರಲ್ಲಲ್ಲ, ನೋಡಿದ ಚೂರುಗಳನ್ನು ಒಂದಕ್ಕೊಂದು ಹೊಲಿಯುವುದರಲ್ಲಿ. ಕಥೆ ಬರೆಯುವವರು ಬಹಳ ಸಲ ಮರೆಯುವ ಸಂಗತಿ ಇದು.

ಇನ್ನು ಸಾವಿರಾರು ತೆರೆದ ಮುಖಗಳ ನಡುವೆ ಒಂದೇ ಒಂದು ಮುಖ ಗುರುತಿಗೆ ಸಿಗದೆ ಹೋದರೆ ಯಂತ್ರಕ್ಕೆ ಎದ್ದು ಕಾಣುವುದು ಆ ಒಂದೇ ಮುಖ. ಆದ್ದರಿಂದ ನಿಮ್ಮ ಕಥೆಯ ತಿರುವನ್ನು ಬದಲಿಸಿಕೊಳ್ಳಬೇಕೆಂಬುದು ನನ್ನ ಸಲಹೆ: ಆ ಸೆರಗು ಅವಳೊಬ್ಬಳದಾಗಿರಬಾರದು. ಅವಳ ಬೀದಿಯ ಹೆಂಗಸರೆಲ್ಲರೂ, ಅವಳ ಆಸ್ಪತ್ರೆಯ ಸಹೋದ್ಯೋಗಿಗಳೆಲ್ಲರೂ ಆ ದಿನ ಅದೇ ನೇಯ್ಗೆಯನ್ನು ಹೊದ್ದುಬರಲಿ. ಅವರಲ್ಲಿ ಹೆಚ್ಚಿನವರಿಗೆ ಮುಚ್ಚಿಡುವಂಥದ್ದು ಏನೂ ಇರದಿರಲಿ, ಅವಳಿಗಾಗಿ ಮಾತ್ರ ಹೊದ್ದಿರಲಿ. ಗೂಢಲಿಪಿಯ ಶಾಸ್ತ್ರದಲ್ಲಿ ದುಡಿಯುವವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಸಂದೇಶಕ್ಕೆ ಬೀಗ ಹಾಕುವವರು, ಎಂದರೆ ಬೇರೆಯವರು ಓದಲಾಗದಂತೆ ಅದನ್ನು ಗೂಢಲಿಪಿಗೆ ತಿರುಗಿಸುವವರು, ಊರಿಗೆ ನಾಲ್ವರೇ ಇದ್ದರೆ ಬೀಗವೇ ಅವರ ಗುರುತಾಗುತ್ತದೆ. ಎಲ್ಲರ ಸಂದೇಶಕ್ಕೂ ಬೀಗವಿದ್ದರೆ ಬೀಗದಿಂದ ಯಾರ ಗುರುತೂ ಸಿಗುವುದಿಲ್ಲ.

ಆಡಳಿತದ ಕಡೆಯಿಂದಲೂ ಒಂದು ಲೆಕ್ಕವನ್ನು ಕಥೆಯಲ್ಲಿ ತನ್ನಿ. ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ದಾರಿಯಲ್ಲಿ ಆ ದಿನ ಐದು ಲಕ್ಷ ಜನ ನಿಂತಿದ್ದಾರೆಂದು ಇಟ್ಟುಕೊಳ್ಳಿ. ಯಂತ್ರ ಸಾವಿರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಗುರುತಿಸುತ್ತದೆ ಎಂದರೆ ಕೇಳುವವರಿಗೆ ಅದು ಅತ್ಯಂತ ನಿಖರವೆಂದೇ ಅನ್ನಿಸುತ್ತದೆ. ಆದರೆ ಹುಡುಕುತ್ತಿರುವ ಒಬ್ಬಳಿಗಾಗಿ ಅದು ಐನೂರು ನಿರಪರಾಧಿಗಳತ್ತ ಬೆರಳು ತೋರಿಸಿರುತ್ತದೆ. ಇದು ಕಲ್ಪನೆಯ ಮಾತಷ್ಟೇ ಅಲ್ಲ. 2020ರ ಜನವರಿಯಲ್ಲಿ ಡೆಟ್ರಾಯಿಟ್ ನಗರದ ಪೊಲೀಸರು ಯಂತ್ರದ ತಪ್ಪು ಹೊಂದಾಣಿಕೆಯೊಂದನ್ನು ನಂಬಿ, ಮಾಡದ ಕಳ್ಳತನಕ್ಕಾಗಿ ಒಬ್ಬ ವ್ಯಕ್ತಿಯನ್ನು ಅವನ ಮನೆಯ ಮುಂದೆಯೇ ಬಂಧಿಸಿದರು.

ಇಲ್ಲಿ ಮೈಸೂರಿನವರಿಗೆ ಹತ್ತಿರವಾದ ಒಂದು ಆಧಾರವೂ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿ ಬೆಳಕಿಗೆ ಬಂದದ್ದು ನಮ್ಮ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ, 1905ರಲ್ಲಿ, ಆರ್. ಶಾಮಾಶಾಸ್ತ್ರಿಗಳ ಕೈಯಲ್ಲಿ, 1909ರಲ್ಲಿ ಅದು ಅಚ್ಚಾಯಿತು. ತಪಸ್ವಿಯ ವೇಷ, ವ್ಯಾಪಾರಿಯ ವೇಷ, ಗೃಹಸ್ಥನ ವೇಷ ತೊಟ್ಟ ಗೂಢಚಾರರನ್ನು ರಾಜ್ಯದ ತುಂಬ ಹರಡಲು ಹೇಳಿದ ಆ ಗ್ರಂಥವೇ, ಒಬ್ಬರ ಸುಳಿವು ಇನ್ನೊಬ್ಬರಿಗಿಲ್ಲದ ಮೂವರು ಚಾರರು ಒಂದೇ ಮಾತನ್ನು ಹೇಳಿದಾಗ ಮಾತ್ರ ಆ ಸುದ್ದಿಯನ್ನು ನಂಬಬೇಕೆಂದು ಕಟ್ಟಪ್ಪಣೆ ಮಾಡುತ್ತದೆ. ಕಣ್ಗಾವಲನ್ನು ಅಷ್ಟು ಎತ್ತಿಹಿಡಿದವನಿಗೂ ಒಂದೇ ಕಣ್ಣಿನ ಸಾಕ್ಷಿ ಸಾಲದಾಗಿತ್ತು. ನಿಮ್ಮ 2081ರ ಅಧಿಕಾರಿ ಒಂದೇ ಯಂತ್ರದ ಮಾತನ್ನು ನಂಬಿ ನಾಯಕಿಯ ಬದಲು ಬೇರೊಬ್ಬಳನ್ನು ಹಿಡಿದರೆ, ಕಥೆ ತಪ್ಪಿಸಿಕೊಳ್ಳುವ ಸಾಹಸವನ್ನು ಮೀರಿ ಬೆಳೆಯುತ್ತದೆ: ಈಗ ನಾಯಕಿ ಸುಮ್ಮನೆ ಅಡಗಿರಬೇಕೇ, ಹೊರಗೆ ಬಂದು ಆ ಹೆಂಗಸನ್ನು ಬಿಡಿಸಬೇಕೇ?

ಇನ್ನೊಂದು ಸಾಧ್ಯತೆಯನ್ನು ಚಿಕ್ಕದಾಗಿ ಹೇಳುತ್ತೇನೆ. ದಸರಾಕ್ಕೆ ಎಷ್ಟು ಜನ ಬಂದಿದ್ದಾರೆ, ಎಲ್ಲಿ ನೂಕುನುಗ್ಗಲು ಹೆಚ್ಚುತ್ತಿದೆ ಎಂದು ತಿಳಿಯುವುದು ಆಡಳಿತಕ್ಕೆ ನಿಜವಾಗಿಯೂ ಅಗತ್ಯ. ಆದರೆ ಅದಕ್ಕೆ ಯಾರು ಬಂದಿದ್ದಾರೆಂದು ತಿಳಿಯಬೇಕಾಗಿಲ್ಲ. ಒಟ್ಟು ಲೆಕ್ಕ ಸರಿಯಿರುವಂತೆಯೂ ಒಬ್ಬರ ಗುರುತೂ ಅದರಿಂದ ಹೊರಬೀಳದಂತೆಯೂ ಲೆಕ್ಕದಲ್ಲಿ ಅಳತೆಗೆ ತಕ್ಕಷ್ಟು ಗೊಂದಲ ಬೆರೆಸುವ ಗಣಿತ 2006ರಿಂದ ನಮ್ಮ ಬಳಿ ಇದೆ. ತನ್ನ ಬಳಿ ಪಾಸ್ ಇದೆಯೆಂಬುದನ್ನು, ತಾನು ಯಾರೆಂದು ಹೇಳದೆಯೇ, ಸಾಬೀತುಪಡಿಸಿ ತೋರಿಸುವ ಗಣಿತ 1985ರಿಂದಲೇ ಇದೆ. ಅಂಥ ಗಣಿತವನ್ನು ಬಳಸಬಲ್ಲ ಊರೊಂದು ಬಳಸದಿರಲು ತೀರ್ಮಾನಿಸಿತು ಎಂಬುದೇ ನನ್ನ ದೃಷ್ಟಿಯಲ್ಲಿ ನಿಮ್ಮ ಕಥೆಯೊಳಗಿನ ಅನ್ಯಾಯ.

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವನು. ನನ್ನ ಕಾದಂಬರಿಯ ನಾಯಕ ನಗರದ ಕಣ್ಗಾವಲಿನಿಂದ ತಪ್ಪಿಸಿಕೊಂಡು ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಅಡಗುತ್ತಾನೆ. ಓದಿದ ಸ್ನೇಹಿತರು, ‘ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ವಿಷಯವೂ ಗೊತ್ತಿರುತ್ತದೆ, ಅಲ್ಲಿ ಖಾಸಗಿತನದ ಮಾತೇಕೆ’ ಎಂದು ನಗುತ್ತಾರೆ. ಏನು ಉತ್ತರ ಕೊಡಲಿ?
— ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಮಂಡ್ಯ ಜಿಲ್ಲೆ

ಉತ್ತರ: ಮಾನ್ಯರೇ, ಮೊದಲು ಗದ್ದೆಯ ವಿಷಯ. ಆಳೆತ್ತರ ಮೀರಿ ಬೆಳೆದ ಕಬ್ಬು ಸಾಮಾನ್ಯ ಕ್ಯಾಮೆರಾದಿಂದ ಮರೆ ಕೊಡುತ್ತದೆ. ಮೈಯ ಶಾಖವನ್ನು ನೋಡುವ ಕ್ಯಾಮೆರಾಕ್ಕೂ ಗರಿಗಳ ದಟ್ಟಣೆಯ ಆಚೆಗೆ ಕಾಣುವುದಿಲ್ಲ. ಆದರೆ ಗರಿಗಳ ಸಂದಿಯಿಂದ ಸಿಗುವ ಒಂದು ನೋಟವೂ ಸಾಕಾಗಬಹುದು, ಅದರಲ್ಲೂ ನೆಲ ತಣ್ಣಗಾದ ರಾತ್ರಿಯಲ್ಲಿ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಮೇಲೇರಿದ ನಿಸಾರ್ ಉಪಗ್ರಹದ ರೇಡಾರ್ ಮೋಡವನ್ನೂ ಕತ್ತಲನ್ನೂ ದಾಟಿ, ಎಲೆಗಳ ಹೊದಿಕೆಯ ಒಳಗಿನವರೆಗೂ ಭೂಮಿಯನ್ನು ಅಳೆಯುತ್ತದೆ. ಅದು ಬೆಳೆ, ಮಣ್ಣು, ಹಿಮಗಳಿಗಾಗಿ ಮಾಡಿದ್ದು, ಮನುಷ್ಯರನ್ನು ಗುರುತಿಸುವಷ್ಟು ಸೂಕ್ಷ್ಮವಾದದ್ದಲ್ಲ. ಐವತ್ತು ವರ್ಷಗಳ ಮುಂದಿನ ಕಥೆಯಲ್ಲಿ ಅದರ ಮೊಮ್ಮಗುವನ್ನು ನೀವು ಕಲ್ಪಿಸಿಕೊಳ್ಳಬಹುದು. ಹಾಗಾಗಿ ನಾಯಕನನ್ನು ಗದ್ದೆಯಲ್ಲಿ ಕೂರಿಸುವ ಬದಲು ಆಲೆಮನೆಯಲ್ಲಿ ಇರಿಸಿ. ಕೊಪ್ಪರಿಗೆಯ ಕೆಳಗೆ ಉರಿಯುವ ಒಲೆಯ ಶಾಖದ ಪಕ್ಕದಲ್ಲಿ ಮನುಷ್ಯನ ಮೈಯ ಶಾಖವನ್ನು ಬೇರ್ಪಡಿಸುವುದು ಯಂತ್ರಕ್ಕೆ ಕಷ್ಟ, ಮೇಲಾಗಿ ಅಲ್ಲಿ ಬಂದುಹೋಗುವ ಕೆಲಸಗಾರರ ನಡುವೆ ಅವನೂ ಒಬ್ಬನಾಗಿರುತ್ತಾನೆ. ಕಬ್ಬಿನ ಗದ್ದೆಗೆ ಇನ್ನೊಂದು ಮಿತಿಯೂ ಇದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು: ಕಟಾವು ಬಂದ ದಿನ ಆ ಮರೆ ಬೆಳಗಾಗುವುದರೊಳಗೆ ಇಲ್ಲವಾಗುತ್ತದೆ.

ನಿಮ್ಮ ಸ್ನೇಹಿತರ ಮಾತಿಗೆ ಸುಲಭದ ಉತ್ತರವಿಲ್ಲ. ಹಳ್ಳಿಯ ಜಗಲಿಯ ಕಣ್ಣು ಬಹಳಷ್ಟನ್ನು ನೋಡುತ್ತದೆ ಎಂಬುದು ನಿಜ. ಆದರೆ ಅಲ್ಲಿ ನೋಡುವವನೂ ನೋಡಿಸಿಕೊಳ್ಳುತ್ತಾನೆ. ನಿಮ್ಮ ವಿಷಯ ಗೊತ್ತಿರುವ ನೆರೆಯವನ ವಿಷಯ ನಿಮಗೂ ಗೊತ್ತಿರುತ್ತದೆ, ಸುದ್ದಿ ಯಾರ ಬಾಯಿಂದ ಹೊರಟಿತೆಂದು ಹುಡುಕಿ ಅವನನ್ನು ಎದುರಿಗೇ ಕೇಳಬಹುದು, ಕೇಳಿದ ಮೇಲೆ ಜಗಳವಾಡಿ ಹಬ್ಬದ ದಿನ ರಾಜಿಯೂ ಆಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಊರು ಮರೆಯುತ್ತದೆ. ಹದಿನೇಳನೆಯ ವಯಸ್ಸಿನಲ್ಲಿ ಮಾಡಿದ ತಪ್ಪನ್ನು ನಲವತ್ತನೆಯ ವಯಸ್ಸಿನಲ್ಲಿ ಯಾರೂ ಎತ್ತದಿರುವುದು ಊರಿನ ದೊಡ್ಡತನ. ಯಂತ್ರದ ಕಣ್ಣು ನೋಡುತ್ತದೆ, ತಾನು ಕಾಣಿಸಿಕೊಳ್ಳುವುದಿಲ್ಲ, ದಾಖಲಿಸುತ್ತದೆ, ಮರೆಯುವುದಿಲ್ಲ, ನಿಮ್ಮ ಬಗೆಗಿನ ಮಾತನ್ನು ನೀವು ಎಂದೂ ಭೇಟಿಯಾಗದವರಿಗೆ ಮಾರುತ್ತದೆ.

ಇಷ್ಟು ಹೇಳಿ ಹಳ್ಳಿಯನ್ನು ಹೊಗಳಿ ಮುಗಿಸಿದರೆ ಅದು ಸುಳ್ಳಾಗುತ್ತದೆ. ಜಗಲಿಯ ಆ ಕಣ್ಣು ಎಲ್ಲರ ಮೇಲೂ ಸಮನಾಗಿ ಬಿದ್ದಿಲ್ಲ. ತನ್ನ ಇಷ್ಟದಂತೆ ಮದುವೆಯಾಗಬಯಸಿದ ಹುಡುಗಿಯ ಮೇಲೆ, ಕೇರಿಯಾಚೆಯ ಬಾವಿಯ ಬಳಿ ಹೋದವರ ಮೇಲೆ ಅದು ಎಷ್ಟು ಕ್ರೂರವಾಗಿ ಬಿದ್ದಿದೆ ಎಂಬುದನ್ನು ನಾವು ಬಲ್ಲೆವು. ಅಂಥ ಎಷ್ಟೋ ಜನ ಮೈಸೂರಿಗೂ ಬೆಂಗಳೂರಿಗೂ ಹೋದದ್ದು ದುಡಿಮೆಗಾಗಿ ಮಾತ್ರವಲ್ಲ, ಯಾರೂ ಗುರುತಿಸದ ಬೀದಿಯೊಂದರಲ್ಲಿ ತಲೆಯೆತ್ತಿ ನಡೆಯುವುದಕ್ಕಾಗಿ. ನಾಳಿನ ನಗರ ಆ ಬೀದಿಯನ್ನೂ ಕಿತ್ತುಕೊಂಡರೆ ಅವರು ಹೋಗುವುದೆಲ್ಲಿಗೆ? ನಿಮ್ಮ ಕಾದಂಬರಿಯಲ್ಲಿ ನಾಯಕ ನಗರದಿಂದ ಹಳ್ಳಿಗೆ ಓಡಿಬರುವ ದಾರಿಯಲ್ಲೇ, ಹಳ್ಳಿಯಿಂದ ನಗರಕ್ಕೆ ಓಡಿಹೋಗುತ್ತಿರುವ ಒಬ್ಬಳು ಅವನಿಗೆ ಎದುರಾಗಲಿ ಎಂದು ನನಗೆ ಆಸೆ. ಅವರಿಬ್ಬರೂ ರಾತ್ರಿಯ ರೈಲು ನಿಲ್ದಾಣವೊಂದರಲ್ಲಿ ಕುಳಿತು ಆಡುವ ಮಾತು ನಿಮ್ಮ ಸ್ನೇಹಿತರಿಗೆ ಉತ್ತರವಾದೀತು.

ಪ್ರಶ್ನೆ: ನನ್ನ ಕಥೆ ಪೂರ್ತಿಯಾಗಿ ಒಂದು ಹಳೆಯ ತೊಟ್ಟಿಮನೆಯೊಳಗೇ ನಡೆಯುತ್ತದೆ. ಮನೆಯೊಳಗೆ ಕ್ಯಾಮೆರಾ ಇಲ್ಲ, ಫೋನೂ ಇಲ್ಲ. ಆದರೂ ಒಳಗಿನ ಮಾತು ಹೊರಗೆ ತಿಳಿಯುವುದು ಸಾಧ್ಯವೇ?
— ಗೃಹಿಣಿ, ಅಗ್ರಹಾರ, ಮೈಸೂರು

ಉತ್ತರ: ಸಾಧ್ಯ. ಗೋಡೆಗೂ ಕಿವಿಯಿರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. 2014ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹವರ್ತಿಗಳು ಆಲೂಗಡ್ಡೆ ಚಿಪ್ಸಿನ ಖಾಲಿ ಪೊಟ್ಟಣಕ್ಕೂ ಕಿವಿಯಿದೆ ಎಂದು ತೋರಿಸಿದರು. ಶಬ್ದ ಹೊರಗೆ ಬಾರದಂಥ ಗಾಜಿನ ಆಚೆಗೆ ಬಿದ್ದಿದ್ದ ಪೊಟ್ಟಣವನ್ನು ಸುಮಾರು 15 ಅಡಿ ದೂರದಿಂದ ಚಿತ್ರೀಕರಿಸಿ, ಮಾತಿನ ಅಲೆಗಳಿಗೆ ಅದು ಕಣ್ಣಿಗೆ ಕಾಣದಷ್ಟು ನಡುಗಿದ್ದನ್ನು ಲೆಕ್ಕ ಹಾಕಿ, ಮಾತನ್ನು ಮರಳಿ ಪಡೆದರು. ನಿಮ್ಮ ತೊಟ್ಟಿಯ ಮೇಲೆ ಆಕಾಶ ತೆರೆದಿರುವುದರಿಂದ ತುಳಸಿಯ ಎಲೆಯೂ ಸಾಕ್ಷಿಯಾಗಬಹುದು. ಗುಟ್ಟಿನ ಮಾತನ್ನು ಮಳೆ ಸುರಿಯುವಾಗ ಆಡಿಸಿ. ತೊಟ್ಟಿಗೆ ಬೀಳುವ ಹನಿಗಳ ನಡುಕದಲ್ಲಿ ಮಾತಿನ ನಡುಕ ಮುಳುಗಿಹೋಗುತ್ತದೆ.

ವಿದ್ಯುತ್ ಮೀಟರನ್ನು ಮಾತ್ರ ಮರೆಯಬೇಡಿ. ಮನೆಯ ಒಟ್ಟು ಬಳಕೆಯ ಏರಿಳಿತವನ್ನು ನೋಡಿಯೇ ಯಾವ ಉಪಕರಣ ಯಾವಾಗ ಓಡಿತೆಂದು ಹೇಳುವ ವಿಧಾನವನ್ನು 1980ರ ದಶಕದಲ್ಲಿ ರೂಪಿಸಿದ ಜಾರ್ಜ್ ಹಾರ್ಟ್, ಅದನ್ನು ಮನೆಯವರ ಮೇಲೆ ಕಣ್ಣಿಡಲು ಬಳಸಬಹುದೆಂದು 1989ರಲ್ಲಿ ತಾವೇ ಬರೆದು ಎಚ್ಚರಿಸಿದರು. ಒಬ್ಬರೇ ಇರುವ ಮನೆಯಲ್ಲಿ ನೀರು ಕಾಯಿಸುವ ಹೊತ್ತು ದಿನಕ್ಕೆ ಎರಡು ಸಲವಾದರೆ ಅತಿಥಿ ಬಂದಿರುವುದು ಮೀಟರಿಗೆ ತಿಳಿಯುತ್ತದೆ. ಮೀಟರಿಗೂ ಮನೆಗೂ ನಡುವೆ ಬ್ಯಾಟರಿಯೊಂದನ್ನು ಇಟ್ಟು ಬಳಕೆಯನ್ನು ಸಮತಟ್ಟಾಗಿಸುವುದು ಇದಕ್ಕಿರುವ ಉಪಾಯ. ಹಂಡೆಗೆ ಸೌದೆ ಒಲೆ ಹಚ್ಚುವುದು ಇನ್ನೂ ಹಳೆಯ ಉಪಾಯ.

ಪ್ರಶ್ನೆ: ನನ್ನ ಕಥೆಯಲ್ಲಿ ಅಜ್ಜಿಯೊಬ್ಬರು 2024ರಲ್ಲಿ ಗೆಳತಿಗೆ ಬೀಗ ಹಾಕಿ ಕಳಿಸಿದ ಸಂದೇಶಗಳನ್ನು 2070ರಲ್ಲಿ ಯಾರೋ ಓದುತ್ತಾರೆ. ಇದು ಆಗುವಂಥದ್ದೇ? ಮೊಮ್ಮಗಳಿಗೆ ಕಾನೂನಿನ ನೆರವು ಏನಾದರೂ ಇದೆಯೇ?
— ಬ್ಯಾಂಕ್ ಉದ್ಯೋಗಿ, ಮಂಡ್ಯ

ಉತ್ತರ: ನಾಲ್ಕೂ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ನಿಮ್ಮದು. ಅಂತರ್ಜಾಲದಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವ ಅನೇಕ ಬೀಗಗಳು, ಕೆಲವು ಲೆಕ್ಕಗಳನ್ನು ಹಿಮ್ಮುಖವಾಗಿ ಬಿಡಿಸುವುದು ಇಂದಿನ ಕಂಪ್ಯೂಟರಿಗೆ ಅಸಾಧ್ಯವೆನ್ನುವಷ್ಟು ಕಷ್ಟ ಎಂಬ ನಂಬಿಕೆಯ ಮೇಲೆ ನಿಂತಿವೆ. ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್, ಎಂದರೆ ಅಣುಗಳ ಮಟ್ಟದ ಭೌತನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಹೊಸ ಬಗೆಯ ಯಂತ್ರ, ಇದ್ದರೆ ಅವುಗಳನ್ನು ಬೇಗ ಬಿಡಿಸಬಹುದೆಂದು ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ತೋರಿಸಿದರು. ಅಂಥ ಕಂಪ್ಯೂಟರ್ ಇನ್ನೂ ಬಂದಿಲ್ಲ. ಆದರೆ ಇಂದು ಹರಿಯುವ ಸಂದೇಶವನ್ನು ಇಂದೇ ಓದಲಾಗದಿದ್ದರೂ ನಕಲು ಮಾಡಿ ಇಟ್ಟುಕೊಂಡು, ಬೀಗ ಒಡೆಯುವ ಯಂತ್ರ ಬಂದ ದಿನ ತೆರೆಯಬಹುದೆಂಬ ಆತಂಕ ತಜ್ಞರಲ್ಲಿದೆ. ಈ ಕಾರಣಕ್ಕಾಗಿಯೇ ಕ್ವಾಂಟಂ ಯಂತ್ರಕ್ಕೂ ಬಗ್ಗದಂಥ ಹೊಸ ಬೀಗಗಳ ಮೊದಲ ಮೂರು ಮಾನದಂಡಗಳನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಹೊಸ ಬೀಗ ಮುಂದಿನ ಪತ್ರಗಳನ್ನು ಕಾಯುತ್ತದೆ. ಯಾರೋ ಈಗಾಗಲೇ ನಕಲು ಮಾಡಿಟ್ಟಿರುವ ಪತ್ರಕ್ಕೆ ಅದನ್ನು ಹಾಕಲು ಬರುವುದಿಲ್ಲ. ನಿಮ್ಮ ಅಜ್ಜಿ ಹಳೆಯ ಬೀಗವನ್ನೇ ನಂಬಿದ್ದರೆ ಕಥೆ ನಂಬುವಂತಿದೆ.

ಕಾನೂನಿನ ವಿಷಯ ಹೇಳುವುದಾದರೆ, ಖಾಸಗಿತನವು ಸಂವಿಧಾನ ಕಾಯುವ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಖಾಸಗಿ ಬದುಕಿನೊಳಗೆ ಸರ್ಕಾರ ಕಾಲಿಡಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ಉದ್ದೇಶ ನ್ಯಾಯವಾದದ್ದಾಗಿರಬೇಕು, ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಆ ತೀರ್ಪಿನಿಂದ ಬಂದದ್ದು. ಅದಾದ ಆರು ವರ್ಷಕ್ಕೆ, 2023ರಲ್ಲಿ, ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿತು. ನಿಮ್ಮ ಮಾಹಿತಿಯನ್ನು ಏಕೆ ಪಡೆಯುತ್ತಿದ್ದೇವೆಂಬ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ, ಓದುವ ಆಯ್ಕೆಯನ್ನು ಅದು ಕೊಡುತ್ತದೆ. ಅಳಿಸಿಹಾಕಿ ಎಂದು ಕೇಳುವ ಹಕ್ಕನ್ನೂ ಕೊಡುತ್ತದೆ. ಕೇಂದ್ರ ಸರ್ಕಾರವು ದೇಶದ ಭದ್ರತೆಯಂಥ ಕಾರಣಗಳಿಗಾಗಿ ತಾನು ಹೆಸರಿಸಿದ ಸರ್ಕಾರಿ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಬಹುದೆಂಬ ಅವಕಾಶವೂ ಅದೇ ಕಾಯ್ದೆಯಲ್ಲಿದೆ, ಮತ್ತು ನಾಳಿನ ಬಗ್ಗೆ ಬರೆಯುವವರು ಆ ಬಾಗಿಲಿನ ಮೇಲೆ ಕಣ್ಣಿಟ್ಟಿರಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನಿಮ್ಮ ಮೊಮ್ಮಗಳಿಗೆ ನೆರವಾಗುವ ಒಂದು ಅಂಶ ಈ ಕಾಯ್ದೆಯ 14ನೆಯ ಕಲಮಿನಲ್ಲಿದೆ. ನಾನು ತೀರಿಕೊಂಡರೆ ನನ್ನ ಮಾಹಿತಿಯ ಮೇಲಿನ ಹಕ್ಕುಗಳನ್ನು ಇಂಥವರು ಚಲಾಯಿಸಲಿ ಎಂದು ಯಾರನ್ನಾದರೂ ನಾಮನಿರ್ದೇಶನ ಮಾಡಬಹುದು. ಬ್ಯಾಂಕಿನಲ್ಲಿ ಠೇವಣಿಗೆ ನಾಮಿನಿಯ ಹೆಸರು ಬರೆಸುವ ಕೆಲಸವನ್ನು ದಿನವೂ ನೋಡುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಕಾಯ್ದೆ ಹೀಗೆಯೇ ಉಳಿದು ಬಂದಿದೆ, ಅಜ್ಜಿ ಮೊಮ್ಮಗಳ ಹೆಸರನ್ನು ಬರೆಸಿದ್ದರು ಎಂದುಕೊಂಡರೆ, ಸಂದೇಶಗಳನ್ನು ಅಧಿಕೃತವಾಗಿ ಇಟ್ಟುಕೊಂಡ ಕಂಪನಿಯ ಮುಂದೆ ಮೊಮ್ಮಗಳು ಈ ಹಕ್ಕಿನಿಂದ ನಿಲ್ಲಬಹುದು. ದಾರಿಯಲ್ಲೇ ಕದ್ದು ನಕಲು ಮಾಡಿಕೊಂಡವರು ಯಾರೆಂದು ತಿಳಿಯದೆ ಅವರ ಮುಂದೆ ನಿಲ್ಲಲಾರಳು. ಗೆಳತಿಯ ಉತ್ತರಗಳೂ ಆ ಸಂಗ್ರಹದಲ್ಲೇ ಇವೆ, ಅವುಗಳ ಮೇಲೆ ಮೊಮ್ಮಗಳಿಗೆ ಹಕ್ಕಿಲ್ಲ. ಕಥೆ ಇಲ್ಲಿಂದ ಮುಂದಕ್ಕೆ ಹೋಗಬೇಕಾದರೆ ಅವಳು ಆ ಗೆಳತಿಯ ಮನೆಯವರನ್ನು ಹುಡುಕಿಕೊಂಡು ಹೋಗಬೇಕು, ಹೋಗುವ ಮೊದಲು, ಅಜ್ಜಿ ಬಚ್ಚಿಟ್ಟದ್ದನ್ನು ತಾನು ಓದಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಿಕೊಂಡಿರಬೇಕು.